ನಿಲ್ಲದ ತೇಗು, ಮನಸ್ಸು ಮತ್ತು ಚಿಕಿತ್ಸೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತಲಿನ ಯಾವುದೇ ಔಷಧಿ ಅಂಗಡಿಯ ಮುಂದೆ ಸಂಜೆ ಸ್ವಲ್ಪ ಹೊತ್ತು ನಿಂತರೆ ‘ಗ್ಯಾಸಿನ ಗುಳಿಗಿ ಕೊಡ್ರಿ’ ಎಂಬ ಮಾತು ನಾಲ್ಕಾರು ಸಲವಾದರೂ ಕಿವಿಗೆ ಬೀಳುತ್ತದೆ. ಹಾಗೆ ಕೇಳುವವರಲ್ಲಿ ಕೆಲವರ ನಿಜವಾದ ತೊಂದರೆ ಹೊಟ್ಟೆಯ ಗ್ಯಾಸಲ್ಲ. ನಿಮಿಷಕ್ಕೆ ಹಲವು ಸಲ ಬರುವ, ನಿಲ್ಲಿಸಲು ಹೋದಷ್ಟೂ ಹೆಚ್ಚುವ ತೇಗು. ಆಪ್ತಸಮಾಲೋಚನೆಗೆ ಬಂದ ಇಂಥವರೂ ಅವರ ಮನೆಯವರೂ ನನ್ನನ್ನು ಮತ್ತೆ ಮತ್ತೆ ಕೇಳಿರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ದಿನಕ್ಕೆ ಎಷ್ಟು ತೇಗು ಬಂದರೆ ಸಹಜ?

ಆರೋಗ್ಯವಂತರಿಗೂ ದಿನಕ್ಕೆ ಸುಮಾರು 30ರವರೆಗೆ ತೇಗು ಬರುವುದುಂಟು. ಅದರಲ್ಲಿ ಬಹುಪಾಲು ಅವರ ಗಮನಕ್ಕೇ ಬರುವುದಿಲ್ಲ. ಜಠರ ಮತ್ತು ಕರುಳಿನ ಕ್ರಿಯಾತ್ಮಕ ತೊಂದರೆಗಳನ್ನು ಗುರುತಿಸಲು ವೈದ್ಯರು ಬಳಸುವ, 2016ರಲ್ಲಿ ಪರಿಷ್ಕೃತವಾದ ರೋಮ್ ಮಾನದಂಡವು ತೇಗಿನ ಲೆಕ್ಕವನ್ನೇ ಕೇಳುವುದಿಲ್ಲ. ನಿತ್ಯಜೀವನಕ್ಕೆ ಅಡ್ಡಿಯಾಗುವಷ್ಟು ಕಿರಿಕಿರಿಯ ತೇಗು ವಾರದಲ್ಲಿ ಮೂರು ದಿನಕ್ಕಿಂತ ಹೆಚ್ಚು ಬರುತ್ತಿದ್ದರೆ, ಅದು ಕಳೆದ ಮೂರು ತಿಂಗಳಿಂದ ಹಾಗೇ ಇದ್ದರೆ, ಮತ್ತು ತೊಂದರೆ ಶುರುವಾಗಿ ಕನಿಷ್ಠ ಆರು ತಿಂಗಳಾಗಿದ್ದರೆ ಅದನ್ನು ಚಿಕಿತ್ಸೆ ಬೇಕಾದ ತೊಂದರೆ ಎಂದು ಅದು ಪರಿಗಣಿಸುತ್ತದೆ. ಹಬ್ಬದ ಹೋಳಿಗೆಯೂಟದ ನಂತರದ ನಾಲ್ಕು ತೇಗಿಗೆ ಯಾರೂ ಹೆದರಬೇಕಿಲ್ಲ.

ಇಷ್ಟೊಂದು ಗಾಳಿ ನನ್ನ ಹೊಟ್ಟೆಯಲ್ಲಿ ಎಲ್ಲಿಂದ ಹುಟ್ಟುತ್ತದೆ?

ಹುಟ್ಟುವುದಿಲ್ಲ ಎಂಬುದೇ ಉತ್ತರ. ಇದನ್ನು ಒಪ್ಪಿಕೊಳ್ಳಲು ಹೆಚ್ಚಿನವರಿಗೆ ಸಮಯ ಬೇಕಾಗುತ್ತದೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ತೇಗಿನಲ್ಲಿ ಎರಡು ಬಗೆಗಳಿವೆ. ಉಣ್ಣುವಾಗ, ನೀರು ಕುಡಿಯುವಾಗ, ಎಂಜಲು ನುಂಗುವಾಗ ಒಂದಿಷ್ಟು ಗಾಳಿಯೂ ಜಠರಕ್ಕೆ ಇಳಿಯುತ್ತದೆ. ಅದು ಕೂಡುತ್ತ ಹೋದಂತೆ ಜಠರದ ಮೇಲ್ಭಾಗ ಹಿಗ್ಗುತ್ತದೆ. ಆಗ ಜಠರಕ್ಕೂ ಅನ್ನನಾಳಕ್ಕೂ ನಡುವಿರುವ ಸ್ನಾಯುವಿನ ಬಾಗಿಲು ಕ್ಷಣಕಾಲ ಸಡಿಲಗೊಂಡು ಗಾಳಿ ಮೇಲೆ ಬರುತ್ತದೆ. ಇದು ಜಠರದ ತೇಗು. ಇದು ದೇಹದ ಸಹಜ ವ್ಯವಸ್ಥೆ, ನಮ್ಮ ಹಿಡಿತದಲ್ಲಿಲ್ಲದ್ದು.

ಎರಡನೆಯ ಬಗೆಯ ತೇಗು ಜಠರವನ್ನು ಮುಟ್ಟುವುದೇ ಇಲ್ಲ. ಉಸಿರಿನ ದಾರಿ ಗಂಟಲಲ್ಲಿ ಮುಚ್ಚಿರುವಾಗ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಾದ ವಪೆ ಕೆಳಕ್ಕೆ ಜಗ್ಗಿದರೆ ಎದೆಯೊಳಗಿನ ಒತ್ತಡ ಇಳಿಯುತ್ತದೆ, ಅನ್ನನಾಳದ ಮೇಲಿನ ಬಾಗಿಲು ತೆರೆದುಕೊಳ್ಳುತ್ತದೆ, ಮತ್ತು ಹೊರಗಿನ ಗಾಳಿ ಶ್ವಾಸಕೋಶಕ್ಕೆ ಹೋಗುವ ಬದಲು ಅನ್ನನಾಳಕ್ಕೆ ನುಗ್ಗುತ್ತದೆ. ಮರುಕ್ಷಣವೇ ಹೊಟ್ಟೆಯ ಸ್ನಾಯುಗಳು ಬಿಗಿದು ಅದನ್ನು ಶಬ್ದದೊಡನೆ ಹೊರಗೆ ದಬ್ಬುತ್ತವೆ. ಕೆಲವರು ಎದೆಯಿಂದ ಎಳೆಯುವ ಬದಲು ನಾಲಿಗೆಯ ಬುಡ ಮತ್ತು ಗಂಟಲಿನ ಸ್ನಾಯುಗಳಿಂದ ಗಾಳಿಯನ್ನು ಒಳಕ್ಕೆ ತಳ್ಳುತ್ತಾರೆ. ಒಳಗೆ ಹೋಗಿ ಹೊರಗೆ ಬರುವ ಈ ಇಡೀ ಆಟ ಸುಮಾರು ಒಂದು ಸೆಕೆಂಡಿನಲ್ಲಿ ಮುಗಿದುಹೋಗುವುದರಿಂದ, ಹೊರಬಂದದ್ದಷ್ಟೇ ಗೊತ್ತಾಗುತ್ತದೆ, ಒಳಹೋದದ್ದು ಗೊತ್ತಾಗುವುದಿಲ್ಲ. ನೆದರ್ಲೆಂಡ್ಸಿನ ಸಂಶೋಧಕರು ಮೂಗಿನ ಮೂಲಕ ಅನ್ನನಾಳಕ್ಕೆ ತೆಳುವಾದ ನಳಿಕೆಯನ್ನು ಇಳಿಸಿ, ಅದರ ಮೇಲಿನ ವಿದ್ಯುತ್ ತಟ್ಟೆಗಳ ನೆರವಿನಿಂದ ಗಾಳಿ ಚಲಿಸುವ ದಿಕ್ಕನ್ನು ಅಳೆದು, 2004ರಲ್ಲಿ ಇದನ್ನು ಸ್ಪಷ್ಟವಾಗಿ ತೋರಿಸಿಕೊಟ್ಟರು. ಅತಿಯಾಗಿ ತೇಗುವವರ ತೇಗು ಬಹುತೇಕ ಈ ಎರಡನೆಯ ಬಗೆಯದು. ಇದಕ್ಕೆ ಉಂಡ ಅನ್ನದ ವಾಸನೆ ಇರುವುದಿಲ್ಲ ಎಂಬುದನ್ನು ನೀವೇ ಗಮನಿಸಿರಬಹುದು.

ಗಂಟಲಿನ ಕ್ಯಾನ್ಸರಿನಿಂದಾಗಿ ಧ್ವನಿಪೆಟ್ಟಿಗೆಯನ್ನು ತೆಗೆಸಿಕೊಂಡವರಿಗೆ ಮತ್ತೆ ಮಾತು ಕಲಿಸುವಾಗ ವಾಕ್ ಚಿಕಿತ್ಸಕರು ಹೇಳಿಕೊಡುವ ವಿಧಾನಗಳಲ್ಲಿ ಒಂದು ಇದೇ: ಅನ್ನನಾಳಕ್ಕೆ ಗಾಳಿ ತುಂಬಿಕೊಂಡು, ಅದನ್ನು ಹೊರಬಿಡುತ್ತ ಸದ್ದು ಹೊರಡಿಸುವುದು. ಅವರು ತಿಂಗಳುಗಟ್ಟಲೆ ಪಾಡುಪಟ್ಟು ಕಲಿಯುವ ವಿದ್ಯೆಯನ್ನು ನಮ್ಮ ತೇಗಿನ ರೋಗಿಗಳು ಯಾರೂ ಹೇಳಿಕೊಡದೆ ಕಲಿತುಬಿಟ್ಟಿರುತ್ತಾರೆ.

ಹಾಗಾದರೆ ನಾನು ಬೇಕೆಂದೇ ತೇಗುತ್ತಿದ್ದೇನೆ, ನಾಟಕ ಮಾಡುತ್ತಿದ್ದೇನೆ ಎಂದು ನಿಮ್ಮ ಮಾತಿನ ಅರ್ಥವೇ?

ಖಂಡಿತ ಅಲ್ಲ. ಉಗುರು ಕಚ್ಚುವವನು ತನ್ನ ಬೆರಳನ್ನು ತಾನೇ ಬಾಯಿಗೆ ಒಯ್ಯುತ್ತಾನೆ, ಆದರೂ ಒಯ್ದದ್ದು ಅವನಿಗೆ ತಿಳಿದಿರುವುದಿಲ್ಲ. ತೇಗು ಕೂಡ ಹೀಗೆಯೇ ಅರಿವಿಲ್ಲದೆ ಕಲಿತ ರೂಢಿ. ಮೊದಲು ಎದೆಯುರಿಯೋ, ಹೊಟ್ಟೆಯುಬ್ಬರವೋ, ಗಂಟಲಲ್ಲಿ ಏನೋ ಸಿಕ್ಕಿಕೊಂಡಂಥ ಅನುಭವವೋ ಇರುತ್ತದೆ. ಒಮ್ಮೆ ಬಲವಂತವಾಗಿ ತೇಗಿದಾಗ ಅರೆಕ್ಷಣ ಹಗುರ ಎನಿಸುತ್ತದೆ. ಆ ಹಗುರವೇ ಮನಸ್ಸಿಗೆ ಸಿಕ್ಕ ಬಹುಮಾನ. ಮುಂದಿನ ಸಲ ಅದೇ ಸಂಕಟ ತಲೆದೋರಿದಾಗ ದೇಹವು ನಿಮ್ಮನ್ನು ಕೇಳದೆಯೇ ಅದೇ ಮದ್ದನ್ನು ಹುಡುಕುತ್ತದೆ. ಹೀಗೆ ನೂರಾರು ಸಲ ಆದ ಮೇಲೆ ಮೂಲ ಸಂಕಟ ಮಾಯವಾದರೂ ತೇಗು ಮಾತ್ರ ಉಳಿದುಕೊಳ್ಳುತ್ತದೆ. ‘ಮಾನಸಿಕ’ ಎಂಬ ಮಾತನ್ನು ‘ಸುಳ್ಳು’ ಎಂಬ ಅರ್ಥದಲ್ಲಿ ಕೇಳಿಸಿಕೊಳ್ಳುವುದು ನಮ್ಮ ಕಡೆ ಬಹಳ. ಈ ಒಂದು ತಪ್ಪರ್ಥವೇ ಎಷ್ಟೋ ಜನರನ್ನು ಸರಿಯಾದ ಚಿಕಿತ್ಸೆಯಿಂದ ವರ್ಷಗಟ್ಟಲೆ ದೂರ ಇಟ್ಟಿದೆ.

ಮನಸ್ಸು ಇದರಲ್ಲಿ ಪಾತ್ರ ವಹಿಸುತ್ತದೆ ಎನ್ನಲು ಆಧಾರವೇನು?

ಮೊದಲನೆಯದಾಗಿ, ಈ ಬಗೆಯ ತೇಗು ನಿದ್ರೆಯಲ್ಲಿ ಬರುವುದಿಲ್ಲ. ಮಾತನಾಡುತ್ತಿರುವಾಗಲೂ ಅಪರೂಪ. ಹೊಟ್ಟೆಯಲ್ಲಿ ನಿಜಕ್ಕೂ ಗ್ಯಾಸ್ ಉತ್ಪತ್ತಿಯಾಗುತ್ತಿದ್ದರೆ ಅದು ನೀವು ಮಲಗಿದ್ದೀರೋ ಎದ್ದಿದ್ದೀರೋ ಎಂದು ನೋಡುತ್ತಿರಲಿಲ್ಲ. ಎರಡನೆಯದಾಗಿ, 2006ರಲ್ಲಿ ನೆದರ್ಲೆಂಡ್ಸಿನ ಅದೇ ತಂಡವು ಸಣ್ಣ ಗುಂಪಿನ ರೋಗಿಗಳನ್ನು ಗಮನಿಸಿದಾಗ, ತಮ್ಮನ್ನು ಯಾರೂ ನೋಡುತ್ತಿಲ್ಲ ಎಂದುಕೊಂಡಾಗ ಮತ್ತು ಬೇರೊಂದು ಕೆಲಸದಲ್ಲಿ ಮನಸ್ಸು ತೊಡಗಿದ್ದಾಗ ಅವರ ತೇಗು ಗಣನೀಯವಾಗಿ ಕಡಿಮೆಯಾಯಿತು.

ಇದನ್ನು ನೋಡಲು ಯಂತ್ರವೇನೂ ಬೇಕಿಲ್ಲ. ಆಳಂದ ಕಡೆಯಿಂದ ಬಂದ ಒಬ್ಬ ತಾಯಿ ನನ್ನ ಎದುರು ಕುಳಿತಾಗ ‘ತೇಗು ನಿಂದ್ರವಲ್ದುರೀ’ ಎಂದು ಹೇಳಿ ಮುಗಿಸುವುದರೊಳಗೆ ಏಳೆಂಟು ಸಲ ತೇಗಿದರು. ಪ್ರತಿ ತೇಗಿಗೂ ಮುನ್ನ ತುಟಿ ಮುಚ್ಚಿಕೊಳ್ಳುತ್ತಿತ್ತು, ಗದ್ದ ಎದೆಯ ಕಡೆಗೆ ತುಸು ಬಾಗುತ್ತಿತ್ತು, ಹೆಗಲು ಮೇಲೇರುತ್ತಿತ್ತು, ಆಮೇಲೆ ಸದ್ದು. ಮಗಳ ಹೆರಿಗೆಯ ಮಾತು ತೆಗೆದಾಗ ಹತ್ತು ನಿಮಿಷ ಒಂದೇ ಸಮನೆ ಮಾತಾಡಿದರು. ಆ ಹತ್ತು ನಿಮಿಷದಲ್ಲಿ ಒಂದು ತೇಗೂ ಬರಲಿಲ್ಲ. ‘ಈಗ ಹ್ಯಾಂಗದ?’ ಎಂದು ಕೇಳಿದ್ದೇ ತಡ, ಕೈ ಎದೆಯ ಮೇಲೆ ಹೋಯಿತು, ತೇಗು ಮತ್ತೆ ಶುರುವಾಯಿತು. ಆ ಪ್ರಶ್ನೆ ಕೇಳಿದ್ದು ನನ್ನ ತಪ್ಪು ಎಂದು ಆಮೇಲೆ ಅನಿಸಿತು.

ಆತಂಕ ಹೆಚ್ಚಾದಾಗ ಉಸಿರು ಮೇಲುಮೇಲಕ್ಕೆ ಓಡುತ್ತದೆ, ಎಂಜಲು ನುಂಗುವುದು ಹೆಚ್ಚುತ್ತದೆ, ದೇಹದ ಸಣ್ಣ ಸಂಕಟವೂ ದೊಡ್ಡದಾಗಿ ಕಾಣುತ್ತದೆ. ಈ ಮೂರೂ ತೇಗಿಗೆ ದಾರಿ ಮಾಡಿಕೊಡುತ್ತವೆ. ಆದರೆ ಅತಿಯಾಗಿ ತೇಗುವ ಎಲ್ಲರಿಗೂ ಮಾನಸಿಕ ಕಾಯಿಲೆ ಇದೆ ಎಂದು ತಿಳಿಯಬಾರದು. ಕೆಲವರಲ್ಲಿ ಆತಂಕ, ಖಿನ್ನತೆ ಅಥವಾ ಗೀಳಿನ ತೊಂದರೆ ಜೊತೆಗಿರುತ್ತದೆ, ಉಳಿದವರಲ್ಲಿ ರೂಢಿಯೊಂದೇ ಇರುತ್ತದೆ.

ಕೈ ಒತ್ತಿದರೆ, ಬೆನ್ನು ತಿಕ್ಕಿದರೆ ತೇಗು ಬರುತ್ತದೆ. ಗ್ಯಾಸ್ ಅಲ್ಲಿ ಸಿಕ್ಕಿಕೊಂಡಿದೆ ಎಂದಲ್ಲವೇ?

ಬೀದರ್, ಯಾದಗಿರಿ, ಕಲಬುರಗಿ ಮೂರೂ ಜಿಲ್ಲೆಗಳಲ್ಲಿ ಈ ಪ್ರಶ್ನೆ ಬರುತ್ತದೆ. ತೋಳು, ಮೊಣಕಾಲು, ಪಕ್ಕೆಲುಬಿನ ಒಂದು ಜಾಗವನ್ನು ಒತ್ತಿದೊಡನೆ ಡರ್ರನೆ ತೇಗು ಬಂದರೆ, ಅಲ್ಲಿಂದಲೇ ಗಾಳಿ ಬಿಡುಗಡೆಯಾಯಿತು ಎಂದು ನಂಬುವುದು ಸಹಜವೇ. ಆದರೆ ತೋಳಿನ ಮಾಂಸದಿಂದ ಅನ್ನನಾಳಕ್ಕೆ ಗಾಳಿ ಸಾಗುವ ಯಾವ ದಾರಿಯೂ ದೇಹದಲ್ಲಿಲ್ಲ. ಒತ್ತುವುದು ಇಲ್ಲಿ ಗಂಟೆ ಬಾರಿಸಿದಂತೆ: ಒತ್ತಿದಾಗ ತೇಗಬೇಕು ಎಂದು ಮನಸ್ಸು ಕಲಿತಿದೆ, ಗಂಟೆ ಬಾರಿಸಿದೊಡನೆ ದೇಹ ಗಾಳಿ ಎಳೆದು ಬಿಡುತ್ತದೆ. ಬೇಕಾದರೆ ಬಾಯಿ ಅಗಲವಾಗಿ ತೆರೆದು, ನಿಧಾನವಾಗಿ ಉಸಿರಾಡುತ್ತ ಅದೇ ಜಾಗವನ್ನು ಒತ್ತಿಸಿಕೊಂಡು ನೋಡಿ. ಹಲವರಿಗೆ ತೇಗು ಬರುವುದೇ ಇಲ್ಲ.

ದೃಷ್ಟಿ ತಗುಲಿದರೆ ತೇಗು ಬರುತ್ತದೆ ಎನ್ನುತ್ತಾರಲ್ಲ?

ದೃಷ್ಟಿ ತೆಗೆಸಿ, ದೇವರಿಗೆ ಹರಕೆ ಹೊತ್ತು ಮನಸ್ಸಿಗೆ ನೆಮ್ಮದಿ ಸಿಗುವುದಾದರೆ ಅದನ್ನು ಬೇಡವೆನ್ನುವ ಅಧಿಕಾರ ನನಗಿಲ್ಲ. ನೆಮ್ಮದಿ ಸಿಕ್ಕಷ್ಟು ದಿನ ತೇಗು ಇಳಿಯುವುದೂ ಉಂಟು. ಹೊಡೆಯುವುದು, ಹೊಗೆ ಹಾಕುವುದು, ಉಪವಾಸ ಕೆಡಹುವುದು ಮಾತ್ರ ಯಾವ ಕಾರಣಕ್ಕೂ ಕೂಡದು.

ತೊಗರಿಬೇಳೆ, ಖಾರ, ಕಡಲೆಹಿಟ್ಟಿನ ತಿಂಡಿಗಳನ್ನು ಬಿಡಬೇಕೇ?

2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿ ತೊಗರಿಬೇಳೆಯ ನಾಡಿನಲ್ಲಿ ಬೇಳೆ ಬಿಡಿ ಎಂದು ಹೇಳುವುದು ಸುಲಭವಲ್ಲ, ಹೇಳುವ ಅಗತ್ಯವೂ ಇಲ್ಲ. ಬೇಳೆಕಾಳಿನಲ್ಲಿ ಜೀರ್ಣವಾಗದೆ ಉಳಿಯುವ ಕೆಲವು ಸಕ್ಕರೆಗಳನ್ನು ದೊಡ್ಡಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸಿದಾಗ ಹುಟ್ಟುವ ಅನಿಲದ ಒಂದು ಪಾಲು ರಕ್ತಕ್ಕೆ ಸೇರಿ ಉಸಿರಿನಲ್ಲಿ ಹೋಗುತ್ತದೆ, ಉಳಿದದ್ದು ಕೆಳದಾರಿಯಿಂದ ಹೋಗುತ್ತದೆ. ತೇಗಾಗಿ ಮೇಲೆ ಬರುವುದಿಲ್ಲ. ಎದೆಯುರಿ ಇರುವವರು ಎಣ್ಣೆಯಲ್ಲಿ ಕರಿದ ಮಿರ್ಚಿ ಭಜಿಯನ್ನು, ರಾತ್ರಿ ತಡವಾದ ಊಟವನ್ನು ಕಡಿಮೆ ಮಾಡುವುದು ಒಳ್ಳೆಯದು. ಗಬಗಬನೆ ಉಣ್ಣುವುದು, ಚೂಯಿಂಗ್ ಗಮ್, ಗುಟ್ಕಾ ಅಗಿಯುತ್ತ ಎಂಜಲು ನುಂಗುವುದು ಹೆಚ್ಚು ಗಾಳಿ ನುಂಗಿಸುತ್ತವೆ. ಅಷ್ಟು ಬಿಟ್ಟರೆ ರೊಟ್ಟಿ, ಬೇಳೆ, ಪುಂಡಿಪಲ್ಯ ಎಂದಿನಂತೆ ನಡೆಯಲಿ. ಒಂದೊಂದೇ ಪದಾರ್ಥ ಬಿಡುತ್ತ ಬಂದು ಕೊನೆಗೆ ಗಂಜಿಗೆ ಇಳಿದವರನ್ನು ನೋಡಿದ್ದೇನೆ. ತೂಕ ಇಳಿದಿತ್ತು, ತೇಗು ಇಳಿದಿರಲಿಲ್ಲ.

ಸೋಡಾ ಕುಡಿದರೆ ಗ್ಯಾಸ್ ಹೊರಬಂದು ಹಗುರವಾಗುತ್ತದಲ್ಲ?

ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ನಮ್ಮ ಊರಿನಲ್ಲಿ ನಿಂಬೆಸೋಡಾ ಸುಖವೇ. ಆದರೆ ಹೊರಬರುವ ಗಾಳಿ ನೀವು ಆಗ ತಾನೇ ಕುಡಿದ ಬಾಟಲಿಯದು. ನೀರಿಗೆ ಹಾಕಿ ಕುಡಿಯುವ, ನೊರೆಯುಕ್ಕುವ ಪುಡಿಗಳಲ್ಲಿ ಸೋಡಾ ಮತ್ತು ಆಮ್ಲ ಸೇರಿ ಇಂಗಾಲದ ಡೈಆಕ್ಸೈಡ್ ಉಂಟಾಗುತ್ತದೆ. ಅದೇ ತೇಗಾಗಿ ಬರುತ್ತದೆ. ರಕ್ತದೊತ್ತಡ ಇರುವವರಿಗೆ ಅದರಲ್ಲಿನ ಸೋಡಿಯಂ ಬೇರೆ ಕಾಟ.

ತೇಗನ್ನು ನಿರ್ಲಕ್ಷಿಸದೆ ತಕ್ಷಣ ವೈದ್ಯರಲ್ಲಿಗೆ ಹೋಗಬೇಕಾದ್ದು ಯಾವಾಗ?

ಎದೆಯ ನಡುವೆ ಹಿಂಡಿದಂಥ ನೋವು ಅಥವಾ ಭಾರ, ಎಡತೋಳಿಗೋ ದವಡೆಗೋ ಹರಡುವ ನೋವು, ತಣ್ಣನೆಯ ಬೆವರು, ಉಸಿರುಗಟ್ಟುವುದು ಇವುಗಳ ಜೊತೆಗೆ ತೇಗು ಬಂದರೆ ಅದನ್ನು ಗ್ಯಾಸ್ ಎನ್ನಬೇಡಿ. ನನ್ನ ಹತ್ತಿರದ ಸಂಬಂಧಿಯೊಬ್ಬರು ಇಂಥ ಒಂದು ರಾತ್ರಿಯಿಡೀ ಸೋಡಾ ಕುಡಿಯುತ್ತ, ಮಗನ ಕೈಯಲ್ಲಿ ಬೆನ್ನು ತಿಕ್ಕಿಸಿಕೊಳ್ಳುತ್ತ ಕುಳಿತಿದ್ದರು. ಬೆಳಗ್ಗೆ ಇಸಿಜಿ ತೆಗೆದಾಗ ಅದು ಹೃದಯಾಘಾತ. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ, ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆಯೇ ಇದೆ. ಹೀಗಿರುವಾಗ ಕಾಯುತ್ತ ಕೂರಲು ಕಾರಣವಿಲ್ಲ. ಮಧುಮೇಹ ಇರುವವರಲ್ಲಿ ಹೃದಯಾಘಾತ ನೋವಿಲ್ಲದೆಯೂ ಬರಬಹುದಾದ್ದರಿಂದ ಅವರು ಇನ್ನೂ ಎಚ್ಚರವಾಗಿರಬೇಕು.

ಕಾರಣವಿಲ್ಲದೆ ತೂಕ ಇಳಿಯುವುದು, ನುಂಗಲು ಕಷ್ಟವಾಗುವುದು, ರಕ್ತವಾಂತಿ, ಡಾಂಬರಿನಂಥ ಕಪ್ಪು ಮಲ, ರಕ್ತಹೀನತೆ, ಬಿಡದೆ ಕಾಡುವ ವಾಂತಿ ಇವುಗಳಲ್ಲಿ ಯಾವುದಿದ್ದರೂ ಎಂಡೋಸ್ಕೋಪಿ ಮಾಡಿಸಲು ತಡಮಾಡಬಾರದು.

ಸೊಲ್ಲಾಪುರ, ಹೈದರಾಬಾದಿಗೆ ಹೋಗಿ ಎಲ್ಲ ಪರೀಕ್ಷೆ ಮಾಡಿಸಿದೆವು, ಎಲ್ಲವೂ ನಾರ್ಮಲ್. ಹಾಗಾದರೆ ಕಾಯಿಲೆ ಏನು?

ಎಂಡೋಸ್ಕೋಪಿ ಹುಣ್ಣು, ಗಡ್ಡೆ, ಉರಿಯೂತಗಳನ್ನು ತೋರಿಸುತ್ತದೆ. ಚಲನೆಯ ರೂಢಿಯನ್ನು ತೋರಿಸುವುದಿಲ್ಲ. ಹಾಡುಗಾರನ ಶ್ರುತಿ ತಪ್ಪಿದ್ದನ್ನು ಹಾರ್ಮೋನಿಯಂನ ಫೋಟೋ ತೆಗೆದು ಹುಡುಕಿದಂತೆ ಅದು. ತೇಗಿನ ಬಗೆಯನ್ನು ಖಚಿತವಾಗಿ ತಿಳಿಯಬೇಕಾದರೆ 24 ಗಂಟೆಗಳ ಕಾಲ ಅನ್ನನಾಳದ ಇಂಪೆಡೆನ್ಸ್ (ಗಾಳಿ ಚಲಿಸುವ ದಿಕ್ಕನ್ನು ತಿಳಿಸುವ ವಿದ್ಯುತ್ ಅಳತೆ) ಮತ್ತು ಆಮ್ಲದ ಪ್ರಮಾಣವನ್ನು ಅಳೆಯುವ ಪರೀಕ್ಷೆ ಇದೆ. ಅದು ದೊಡ್ಡ ನಗರಗಳ ಕೆಲವು ಕೇಂದ್ರಗಳಲ್ಲಷ್ಟೇ ಸಿಗುತ್ತದೆ. ನನ್ನ ಅಭಿಪ್ರಾಯದಲ್ಲಿ ಎಲ್ಲರಿಗೂ ಅದು ಬೇಕಾಗುವುದಿಲ್ಲ. ಅಪಾಯದ ಲಕ್ಷಣಗಳಿಲ್ಲದಿದ್ದರೆ, ರೋಗಿಯನ್ನು ಇಪ್ಪತ್ತು ನಿಮಿಷ ಕಣ್ಣಿಟ್ಟು ನೋಡುವ ವೈದ್ಯರಿಗೆ ಬೇಕಾದಷ್ಟು ತಿಳಿಯುತ್ತದೆ. ಹೊರರೋಗಿ ವಿಭಾಗದ ಸರದಿಯಲ್ಲಿ ಆ ಇಪ್ಪತ್ತು ನಿಮಿಷ ಸಿಗುವುದೇ ದುರ್ಲಭ ಎಂಬುದು ಬೇರೆ ಮಾತು.

ಆಮ್ಲ ಕಡಿಮೆ ಮಾಡುವ ಗುಳಿಗೆಯನ್ನು ಎರಡು ವರ್ಷದಿಂದ ತೆಗೆದುಕೊಳ್ಳುತ್ತಿದ್ದೇನೆ, ಯಾಕೆ ಗುಣವಾಗಿಲ್ಲ?

ಆ ಗುಳಿಗೆ ಆಮ್ಲವನ್ನು ಕಡಿಮೆ ಮಾಡುತ್ತದೆ, ಗಾಳಿ ಎಳೆದುಕೊಳ್ಳುವುದನ್ನು ತಡೆಯುವುದಿಲ್ಲ. ಎದೆಯುರಿ ನಿಜಕ್ಕೂ ಇದ್ದವರಿಗೆ ಅದರಿಂದ ಉಪಯೋಗವಿದೆ; ಹಾಗಾಗಿ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ, ಕೇಳದೆ ಮುಂದುವರಿಸಲೂ ಬೇಡಿ.

ಹಾಗಾದರೆ ಚಿಕಿತ್ಸೆ ಏನು?

ಚಿಕಿತ್ಸೆಯ ಮೊದಲ ಭಾಗ ತಿಳಿವಳಿಕೆ. ಮೇಲೆ ಹೇಳಿದ ಎರಡು ಬಗೆಯ ತೇಗುಗಳ ವ್ಯತ್ಯಾಸ ಮನದಟ್ಟಾದರೇ ಕೆಲವರಿಗೆ ಅರ್ಧ ಭಾರ ಇಳಿಯುತ್ತದೆ. ಕನ್ನಡಿಯ ಮುಂದೆ ಕುಳಿತು, ಅಥವಾ ಮನೆಯವರ ಮೊಬೈಲಿನಲ್ಲಿ ಎರಡು ನಿಮಿಷದ ವಿಡಿಯೋ ತೆಗೆಸಿ, ತೇಗಿನ ಮುನ್ನ ತುಟಿ, ಗದ್ದ, ಹೆಗಲು, ಹೊಟ್ಟೆ ಏನು ಮಾಡುತ್ತವೆ ಎಂದು ನಿಧಾನವಾಗಿ ನೋಡಿಕೊಳ್ಳಬೇಕು. ತೇಗಿಗೆ ಮುನ್ನ ಗಂಟಲಲ್ಲೋ ಎದೆಯಲ್ಲೋ ಒಂದು ಒತ್ತಡದ ಸೂಚನೆ ಬರುತ್ತದೆ. ಅದನ್ನು ಹಿಡಿಯಲು ಕಲಿಯುವುದೇ ಎರಡನೆಯ ಭಾಗ, ಮತ್ತು ಇದಕ್ಕೆ ತಾಳ್ಮೆ ಬೇಕು; ಮೊದಲ ವಾರ ಹೆಚ್ಚಿನವರಿಗೆ ತೇಗು ಬಂದ ಮೇಲೆಯೇ ಸೂಚನೆಯ ನೆನಪಾಗುತ್ತದೆ.

ಮೂರನೆಯದು, ಸೂಚನೆ ಬಂದಾಗ ತೇಗಿಗೆ ಬದಲಾಗಿ ಇನ್ನೊಂದು ಕ್ರಿಯೆಯನ್ನು ಮಾಡುವುದು. ಬಾಯಿಯನ್ನು ಬೆರಳಗಲ ತೆರೆದು, ನಾಲಿಗೆಯ ತುದಿಯನ್ನು ಮೇಲಿನ ಮುಂಹಲ್ಲುಗಳ ಹಿಂದೆ ಮೆಲ್ಲಗೆ ಇರಿಸಿ, ಹೊಟ್ಟೆಯಿಂದ ನಿಧಾನವಾಗಿ ಉಸಿರಾಡಬೇಕು. ಬಾಯಿ ತೆರೆದಿದ್ದು ಉಸಿರಿನ ದಾರಿ ಮುಚ್ಚದಿದ್ದಾಗ ಅನ್ನನಾಳಕ್ಕೆ ಗಾಳಿ ಎಳೆಯುವುದು ಕಷ್ಟ. ಹೊಟ್ಟೆಯುಸಿರನ್ನು ಮೊದಲು ಮಲಗಿಕೊಂಡು ಕಲಿಯಿರಿ: ಒಂದು ಕೈ ಎದೆಯ ಮೇಲೆ, ಇನ್ನೊಂದು ಹೊಕ್ಕುಳ ಮೇಲೆ, ಉಸಿರು ಒಳಗೆ ಹೋಗುವಾಗ ಹೊಕ್ಕುಳ ಮೇಲಿನ ಕೈ ಏಳಬೇಕು, ಎದೆಯ ಮೇಲಿನದು ಸುಮ್ಮನಿರಬೇಕು. ನಾಲ್ಕು ಎಣಿಸುವವರೆಗೆ ಒಳಗೆ, ಆರು ಎಣಿಸುವವರೆಗೆ ಹೊರಗೆ, ಹೀಗೆ ನಿಮಿಷಕ್ಕೆ ಸುಮಾರು ಆರು ಉಸಿರು. ದಿನಕ್ಕೆ ಎರಡು ಮೂರು ಸಲ ಐದರಿಂದ ಹತ್ತು ನಿಮಿಷ ಸಾಕು. ಬೆಳಗ್ಗೆ ಎದ್ದ ಮೇಲೆ ಒಮ್ಮೆ, ಊಟವಾದ ಮೇಲೆ ಕುಳಿತುಕೊಂಡು ಒಮ್ಮೆ ಎಂದು ಗೊತ್ತುಮಾಡಿಕೊಂಡರೆ ಬಿಟ್ಟುಹೋಗುವುದಿಲ್ಲ. ಊಟದ ನಂತರವೇ ತೇಗು ಹೆಚ್ಚಿದ್ದರೆ ಆ ಹೊತ್ತಿನ ಅಭ್ಯಾಸವನ್ನು ತಪ್ಪಿಸಬಾರದು.

ಅರಿವಿನ ವರ್ತನಾ ಚಿಕಿತ್ಸೆಯಲ್ಲಿ ಇದಕ್ಕಿಂತ ಹೆಚ್ಚೇನಿದೆ?

ಇದು ಯೋಚನೆ ಮತ್ತು ನಡವಳಿಕೆಗಳನ್ನು ತಿದ್ದಿಕೊಳ್ಳಲು ನೆರವಾಗುವ ಮಾತಿನ ಚಿಕಿತ್ಸೆ. ಮೇಲಿನ ಅಭ್ಯಾಸಗಳ ಜೊತೆಗೆ, ತೇಗಿನ ಬೆನ್ನಿಗಿರುವ ನಂಬಿಕೆಗಳನ್ನು ಅಲ್ಲಿ ಪರೀಕ್ಷಿಸುತ್ತಾರೆ. ‘ಈ ಗಾಳಿ ಹೊರಬರದಿದ್ದರೆ ಹೃದಯ ನಿಂತುಹೋಗುತ್ತದೆ’ ಎಂದು ನಂಬಿದವರು ತೇಗದೆ ಐದು ನಿಮಿಷ ಕುಳಿತು, ಸಂಕಟ ಏರಿ ತಾನಾಗಿಯೇ ಇಳಿಯುವುದನ್ನು ಕಣ್ಣಾರೆ ನೋಡುತ್ತಾರೆ. ಯಾವ ಹೊತ್ತಿನಲ್ಲಿ, ಯಾರ ಎದುರು, ಯಾವ ಯೋಚನೆಯ ನಂತರ ತೇಗು ಬಂತು ಎಂದು ಪುಟ್ಟ ಡೈರಿಯಲ್ಲಿ ಬರೆದುಕೊಳ್ಳುತ್ತಾರೆ. ಮದುವೆ ಊಟದ ಪಂಕ್ತಿ, ಶರಣಬಸವೇಶ್ವರ ಜಾತ್ರೆ, ಬಸ್ಸಿನ ಪ್ರಯಾಣ ಎಂದು ತೇಗಿನ ನಾಚಿಕೆಯಿಂದ ಬಿಟ್ಟುಬಿಟ್ಟ ಜಾಗಗಳಿಗೆ ಒಂದೊಂದಾಗಿ ಮರಳುತ್ತಾರೆ. ಲಂಡನ್ನಿನಲ್ಲಿ ಕೆಲವೇ ಭೇಟಿಗಳ ಇಂಥ ಚಿಕಿತ್ಸೆಯನ್ನು ಪೂರ್ಣಗೊಳಿಸಿದವರ ವರದಿ 2018ರಲ್ಲಿ ಪ್ರಕಟವಾಯಿತು. ಅವರಲ್ಲಿ ಸುಮಾರು ಅರ್ಧದಷ್ಟು ಜನರ ತೇಗಿನ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿದಿತ್ತು. ಪೂರ್ತಿ ನಿಂತುಹೋಗುತ್ತದೆ ಎಂದು ನಾನು ಯಾರಿಗೂ ಮಾತು ಕೊಡುವುದಿಲ್ಲ. ಎಣಿಕೆ ಇಳಿಯುವ ಮೊದಲೇ ಹೆದರಿಕೆ ಇಳಿಯುವುದನ್ನು ಮಾತ್ರ ಬಹಳ ಸಲ ಕಂಡಿದ್ದೇನೆ.

ಇದಕ್ಕೆ ಮಾತ್ರೆಯೇ ಇಲ್ಲವೇ?

ಬ್ಯಾಕ್ಲೊಫೆನ್ ಎಂಬ, ಮೂಲತಃ ಸ್ನಾಯುಗಳ ಸೆಡೆತಕ್ಕೆ ಕೊಡುವ ಔಷಧಿ ಕೆಲವರಲ್ಲಿ ತೇಗನ್ನು ಕಡಿಮೆ ಮಾಡುತ್ತದೆ. ಅದರಿಂದ ತೂಕಡಿಕೆ, ತಲೆಸುತ್ತು ಬರಬಹುದು. ಮೂತ್ರಪಿಂಡದ ತೊಂದರೆ ಇರುವವರಿಗೆ ಅಪಾಯಕಾರಿ. ಒಮ್ಮೆಲೇ ನಿಲ್ಲಿಸಲೂ ಬಾರದು. ವೈದ್ಯರ ಚೀಟಿಯಿಲ್ಲದೆ ಅಂಗಡಿಯಿಂದ ತರಿಸಿ ನುಂಗುವ ಮಾತ್ರೆ ಅದಲ್ಲ. ಜೊತೆಗೆ ಆತಂಕ ಅಥವಾ ಖಿನ್ನತೆ ಇದ್ದರೆ ಮನೋವೈದ್ಯರು ಅದಕ್ಕೆ ಬೇರೆ ಔಷಧಿ ಕೊಡುತ್ತಾರೆ, ಅದರಿಂದ ತೇಗಿಗೂ ಅನುಕೂಲವಾಗಬಹುದು.

ತೇಗಿನಂಥ ವೇಗವನ್ನು (ದೇಹದ ಸಹಜ ಒತ್ತಡವನ್ನು) ತಡೆಯಬಾರದು ಎಂದು ಆಯುರ್ವೇದ ಹೇಳುತ್ತದಲ್ಲ?

ಹೌದು, ಚರಕಸಂಹಿತೆಯು ತಡೆಯಬಾರದ 13 ವೇಗಗಳಲ್ಲಿ ಉದ್ಗಾರವನ್ನೂ ಸೇರಿಸಿದೆ. ನಾವು ಈಗ ಆಶ್ಚರ್ಯಸೂಚಕ ಮಾತಿಗೆ ಬಳಸುವ ‘ಉದ್ಗಾರ’ಕ್ಕೆ ಸಂಸ್ಕೃತದಲ್ಲಿ ತೇಗು ಎಂಬ ಅರ್ಥವೂ ಇದೆ. ಆದರೆ ತಾನಾಗಿ ಮೇಲೆ ಬರುವ ಜಠರದ ತೇಗನ್ನು ತಡೆಯಿರಿ ಎಂದು ಈ ಚಿಕಿತ್ಸೆ ಹೇಳುವುದೇ ಇಲ್ಲ. ಅದು ಬಂದರೆ ಬರಲಿ. ಇಲ್ಲಿ ತಡೆಯುವುದು ಹೊರಬರುವ ಗಾಳಿಯನ್ನಲ್ಲ, ಒಳಗೆ ಎಳೆದುಕೊಳ್ಳುವ ಗಾಳಿಯನ್ನು.

ಈ ಮೂರು ಜಿಲ್ಲೆಗಳಲ್ಲಿ ಚಿಕಿತ್ಸೆ ಎಲ್ಲಿ ಸಿಗುತ್ತದೆ?

ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಈ ಮೂರು ಸರ್ಕಾರಿ ವೈದ್ಯಕೀಯ ಸಂಸ್ಥೆಗಳಲ್ಲಿ ಮೊದಲು ವೈದ್ಯಕೀಯ ವಿಭಾಗದಲ್ಲಿ ತೋರಿಸಿ, ಅಗತ್ಯವಿದ್ದರೆ ಮನೋವೈದ್ಯಕೀಯ ವಿಭಾಗಕ್ಕೆ ಹೋಗಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಹಗಲು ರಾತ್ರಿ ಉಚಿತ. ವಾಕ್ ಚಿಕಿತ್ಸಕರು ಸಿಕ್ಕರೆ ಅವರನ್ನು ಬಿಡಬೇಡಿ. ತೊದಲು ಮಾತಿನ ಮಕ್ಕಳಿಗಷ್ಟೇ ಅವರ ಕೆಲಸ ಎಂಬ ಭಾವನೆ ಇದೆ. ಉಸಿರು, ಗಂಟಲು, ನಾಲಿಗೆಗಳ ಚಲನೆಯನ್ನು ಅವರಷ್ಟು ಬಲ್ಲವರು ಕಡಿಮೆ. ಹೋಗುವಾಗ ಆ ಎರಡು ನಿಮಿಷದ ವಿಡಿಯೋ ಮೊಬೈಲಿನಲ್ಲಿರಲಿ.

ಮನೆಯವರು ಹೇಗೆ ನಡೆದುಕೊಳ್ಳಬೇಕು?

ಗದರಬಾರದು, ಅಣಕಿಸಬಾರದು, ಅಷ್ಟೇ ಮುಖ್ಯವಾಗಿ, ತೇಗು ಬಂದಾಗಲೆಲ್ಲ ಓಡಿ ಬಂದು ಬೆನ್ನು ತಿಕ್ಕಬಾರದು. ಇವೆಲ್ಲವೂ ತೇಗಿನ ಕಡೆಗೇ ಗಮನ ಸೆಳೆಯುತ್ತವೆ. ತೇಗಿನ ನಡುವೆಯೂ ಮಾತು ಮುಂದುವರಿಸಿ, ಕೆಲಸ ಹೇಳಿ, ರೊಟ್ಟಿ ಬಡಿಯುವುದೋ ತೊಗರಿ ಆರಿಸುವುದೋ ಏನಾದರೊಂದರಲ್ಲಿ ಕೈ ತೊಡಗಲಿ. ಸೊಸೆಗೆ ಮದುವೆಯಾದ ಹೊಸತರಲ್ಲಿ, ಪರೀಕ್ಷೆಗೆ ಓದುವ ಹುಡುಗನಿಗೆ, ಸಾಲದ ಚಿಂತೆಯಲ್ಲಿರುವ ರೈತನಿಗೆ ತೇಗು ಶುರುವಾಗಿದ್ದರೆ, ತೇಗಿನ ವಿಷಯ ಬಿಟ್ಟು ಆ ಸಂಗತಿಯನ್ನು ಬಿಡುವು ಮಾಡಿಕೊಂಡು ಕೇಳಿ.

ಗುಣವಾದ ಮೇಲೆ ಮತ್ತೆ ಬರಬಹುದೇ?

ಬರಬಹುದು. ಜ್ವರ ಬಂದು ಹೊಟ್ಟೆ ಕೆಟ್ಟಾಗ, ಮನೆಯಲ್ಲಿ ಸಾವು ಸಂಕಟ ಆದಾಗ, ಕೆಲವೊಮ್ಮೆ ಕಾರಣವೇ ಇಲ್ಲದೆ ಹಳೆಯ ರೂಢಿ ಮರುಕಳಿಸುತ್ತದೆ. ಆಗ ಹೊಸ ಪರೀಕ್ಷೆಗಳಿಗೆ ಓಡುವ ಮುನ್ನ, ಅಪಾಯದ ಲಕ್ಷಣಗಳು ಇಲ್ಲವೆಂದು ಖಚಿತಪಡಿಸಿಕೊಂಡು, ಹಳೆಯ ಡೈರಿ ತೆರೆದು ಹೊಟ್ಟೆಯುಸಿರಿನ ಅಭ್ಯಾಸವನ್ನು ಮೊದಲ ದಿನದಂತೆ ಮಲಗಿಕೊಂಡೇ ಮತ್ತೆ ಆರಂಭಿಸಿ. ಎರಡನೆಯ ಸಲ ಕಲಿಯಲು ಮೊದಲ ಸಲದಷ್ಟು ದಿನ ಹಿಡಿಯುವುದಿಲ್ಲ.